ಬೆಟ್ಟ ಅಗೆದು ಹಿಡಿದ ಮೌಸು

ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಠಾಣೆಗೆ ಬಂದ ದೂರು ನಾಲ್ಕು ಪುಟವಿತ್ತು, ನೀಟಾಗಿ ಟೈಪ್ ಆಗಿತ್ತು, ಆರೋಪಿ ಯಾರೆಂಬುದನ್ನು ಮೊದಲ ಪ್ಯಾರಾದಲ್ಲೇ ತೀರ್ಮಾನಿಸಿಬಿಟ್ಟಿತ್ತು. ಇಂಥ ದೂರು ಕಂಡರೆ ಇನ್ಸ್‌ಪೆಕ್ಟರ್‌ಗೆ ಮೈಯುರಿ. ದೂರು ಕೊಡುವವನೇ ತೀರ್ಪನ್ನೂ ಬರೆದು ತಂದರೆ ಪೊಲೀಸರು ಇರುವುದು ಯಾತಕ್ಕೆ, ಮೊಹರು ಒತ್ತುವುದಕ್ಕೆ?

ದೂರು ತಂದವನು ಒಂದು ಸ್ಕ್ಯಾನ್ ಕೇಂದ್ರದ ಮ್ಯಾನೇಜರ್. ಕುರ್ಚಿಯ ತುದಿಯಲ್ಲಿ ಕೂತು ಫೋನು ನೋಡಿಕೊಳ್ಳುತ್ತಲೇ ಮಾತಾಡುತ್ತಿದ್ದ.

"ರಿಸೆಪ್ಷನ್‌ನಲ್ಲಿ ಕೂರೋ ಹುಡುಗಿ ಮೇಡಂ. ಯಾವುದೋ ಕಳ್ಳ ಮೇಲ್ ಒತ್ತಿದ್ದಾಳೆ. ವೈರಸ್ ಒಳಗೆ ಬಂದು ಎಂಟು ವರ್ಷದ ಸ್ಕ್ಯಾನಿಗೆಲ್ಲಾ ಬೀಗ ಹಾಕಿಬಿಟ್ಟಿದೆ. ಒಂದು ಫೈಲೂ ತೆರೆಯಲ್ಲ."

"ಒತ್ತಿದ್ದನ್ನ ನೀವು ನೋಡಿದ್ರಾ?"

"ಅವಳ ಕಂಪ್ಯೂಟರಿಂದಾನೇ ಶುರುವಾಗಿರೋದು."

"ನೋಡಿದ್ರಾ ಅಂತ ಕೇಳಿದೆ."

"ಇಲ್ಲ."

"ಹಾಗಾದ್ರೆ ಫೋನ್ ಒಳಗಿಡಿ. ಸರಿಯಾಗಿ ಕೂತ್ಕೊಳ್ಳಿ."

ಎಫ್‌ಐಆರ್‌ನಲ್ಲಿ ಆರೋಪಿ ಎಂಬಲ್ಲಿ ಇನ್ಸ್‌ಪೆಕ್ಟರ್ 'ಅಪರಿಚಿತರು' ಎಂದು ಬರೆಸಿದರು. ಮ್ಯಾನೇಜರ್ ಮುಖ ಹುಳಿ ಹಿಂಡಿದಂತಾಯಿತು. ಅವನಿಗೆ ಒಬ್ಬ ಆರೋಪಿ ತುರ್ತಾಗಿ ಬೇಕಿದ್ದ. ಬ್ಯಾಕಪ್ ಪ್ರತಿಗಳನ್ನು ಬೇರೆ ಕಡೆ ಯಾಕೆ ಇಟ್ಟಿರಲಿಲ್ಲ ಎಂದು ಮಾಲೀಕರು ಕೇಳುವ ಮುಂಚೆ ಆ ಆರೋಪಿ ಸಿಗಬೇಕಿತ್ತು.

ಇದರ ಮೇಲೆ ಹೊಸ ಸುತ್ತೋಲೆಯ ಕಾಟ. ಇಲ್ಲಿಂದ ಮುಂದೆ ಪ್ರತಿ ಸೈಬರ್ ಪ್ರಕರಣದಲ್ಲೂ ದಾಳಿಕೋರನ ಒಂದೊಂದು ನಡವಳಿಕೆಯನ್ನೂ ಅಂತರರಾಷ್ಟ್ರೀಯ ತಂತ್ರಕೋಷ್ಟಕದ ಒಂದೊಂದು ಸಂಖ್ಯೆಯ ಕೆಳಗೆ ವರ್ಗೀಕರಿಸಿ ವಾರದೊಳಗೆ ಕಳಿಸಬೇಕು. ಅಂದರೆ ಜಗತ್ತಿನ ಕಂಪ್ಯೂಟರ್ ಕಳ್ಳರ ಪ್ರತಿ ಕೈಚಳಕಕ್ಕೂ ಯಾರೋ ಒಂದು ನಂಬರು ಕೊಟ್ಟಿದ್ದಾರೆ, ಇವರು ಕಳ್ಳನನ್ನು ಹಿಡಿಯುವ ಮೊದಲು ಅವನ ನಂಬರು ಹಿಡಿಯಬೇಕು. ಸೈಬರ್ ವಿಭಾಗದಿಂದ ಅದಕ್ಕೆಂದೇ ಒಬ್ಬ ತಜ್ಞನನ್ನು ಕಳಿಸಿದ್ದರು. ದಪ್ಪ ಕನ್ನಡಕದ, ಬಹಳ ವಿನಯದ ಮನುಷ್ಯ. ಸೋರುವ ನಲ್ಲಿಯನ್ನು ಕಂಡರೂ ಅದು ಯಾವ ಖಾನೆಗೆ ಸೇರುತ್ತದೆಂದು ಯೋಚಿಸುವವನು. ಠಾಣೆಯ ದಫೇದಾರ ಮೊದಲ ದಿನವೇ ಅವನಿಗೆ ಕೋಷ್ಟಕಾಚಾರ್ಯ ಎಂದು ಹೆಸರಿಟ್ಟಿದ್ದ.

ಹನ್ನೊಂದು ಗಂಟೆಗೆ ಸ್ಥಳಕ್ಕೆ ಹೋದರು. ಇನ್ಸ್‌ಪೆಕ್ಟರ್, ದಫೇದಾರ, ಕೋಷ್ಟಕಾಚಾರ್ಯ, ಮತ್ತು ಪಂಚನಾಮೆ ಬರೆಯಲು ಮಹಿಳಾ ಕಾನ್‌ಸ್ಟೆಬಲ್. ಠಾಣೆಯ ರೈಟರ್ ರಜೆಯಲ್ಲಿದ್ದದ್ದರಿಂದ ಆ ವಾರದ ಬರವಣಿಗೆಯೆಲ್ಲ ಅವಳ ತಲೆಗೆ ಬಿದ್ದಿತ್ತು. ಬರೆಯುತ್ತ ಬರೆಯುತ್ತ ಅವಳ ಅಂಗೈಯ ಅಂಚಿಗೆಲ್ಲ ಶಾಯಿ ಮೆತ್ತಿಕೊಳ್ಳುತ್ತಿತ್ತು, ಪುಟಕ್ಕೂ ಮೆತ್ತುತ್ತಿತ್ತು, ಅದಕ್ಕೂ ಇನ್ಸ್‌ಪೆಕ್ಟರ್ ಗೊಣಗಿದರು.

ಕೇಂದ್ರದ ಹಾಲಿನಲ್ಲಿ ಜನ ಕಿಕ್ಕಿರಿದಿದ್ದರು. ಹಳೆಯ ಸ್ಕ್ಯಾನು ಬೇಕಾದವರು, ಇವತ್ತು ಸ್ಕ್ಯಾನ್ ಆಗಬೇಕಾದವರು, ಅವರ ಜೊತೆ ಬಂದವರು. ರಿಸೆಪ್ಷನಿಸ್ಟ್ ಎಲ್ಲರಿಗೂ ಒಂದೇ ಉತ್ತರವನ್ನು ನೂರನೇ ಸಲ ಹೇಳುತ್ತಿದ್ದಳು. ಅವಳ ಮುಂದೆ ಅರವತ್ತು ದಾಟಿದ ಹೆಂಗಸೊಬ್ಬರು ಕೈಚೀಲ ಹಿಡಿದು ನಿಂತಿದ್ದರು.

"ಶುಕ್ರವಾರ ಬಂದಾಗ ಸೋಮವಾರ ಬನ್ನಿ ಅಂದಿದ್ದೆಯಲ್ಲಮ್ಮ. ನಮ್ಮ ಯಜಮಾನರ ಮೂರು ವರ್ಷದ ಹಿಂದಿನ ಎದೆ ಸ್ಕ್ಯಾನು. ಅಸಲೇ ಬೇಕು, ನಕಲು ಬೇಡ."

"ಕಂಪ್ಯೂಟರಲ್ಲಿ ಅಸಲು ನಕಲು ಅಂತ ಇರಲ್ಲ ಆಂಟಿ. ಈಗಂತೂ ಯಾವುದೂ ಇಲ್ಲ."

"ನಕಲು ತಗೊಂಡು ನಾನೇನು ಮಾಡ್ಲಿ? ಅಸಲು ಕೊಡು."

ಒಳಗಿನಿಂದ ಎತ್ತರದ ಡಾಕ್ಟರೊಬ್ಬರು ಬಂದು ಆಕೆಯನ್ನು ಕುರ್ಚಿಯಲ್ಲಿ ಕೂರಿಸಿದರು. ಸ್ಕ್ಯಾನುಗಳನ್ನು ಓದಿ ವರದಿ ಕೊಡುವವರು ಅವರೇ, ಎಲ್ಲರೂ ದೊಡ್ಡ ಡಾಕ್ಟರ್ ಎನ್ನುತ್ತಿದ್ದರು. "ಅತ್ತಿಗೆ, ನೀವು ಮನೆಗೆ ಹೋಗಿ. ಎಲ್ಲಾ ಹೋಗಿಬಿಟ್ಟಿದೆ. ಅಣ್ಣನಿಗೆ ನಾನು ಹೇಳ್ತೀನಿ."

"ಎಲ್ಲಾನಾ? ಪೂರ್ತಿ ಹೋಯ್ತಾ?" ಎಂದು ಆಕೆ ಎರಡು ಸಲ ಕೇಳಿದರು. ಹೌದೆಂದ ಮೇಲೆ ಮರುಮಾತಿಲ್ಲದೆ ಎದ್ದು ಹೋದರು. ದಣಿವಿರಬೇಕೆಂದು ಇನ್ಸ್‌ಪೆಕ್ಟರ್ ಅಂದುಕೊಂಡರು.

ವಿಚಾರಣೆಗೆ ಕೂತಾಗ ರಿಸೆಪ್ಷನಿಸ್ಟ್ ಅಳಲಿಲ್ಲ. ಅವಳಿಗೆ ಸಿಟ್ಟು ಬಂದಿತ್ತು, ಇನ್ಸ್‌ಪೆಕ್ಟರ್‌ಗೆ ಅದೇ ಹಿಡಿಸಿತು.

"ಆ ಮೇಲ್ ಎಲ್ರಿಗೂ ಬಂದಿತ್ತು ಮೇಡಂ, ಎರಡು ವಾರದ ಹಿಂದೇನೇ. ಇದನ್ನ ಒತ್ತಬೇಡಿ ಅಂತ ಎಲ್ರಿಗೂ ಹೇಳಿದವಳೇ ನಾನು. ಅದು ಆಗಲೇ ಸ್ಪ್ಯಾಮಿಗೆ ಹೋಗಿತ್ತು. ನನಗೇನು ಹುಚ್ಚಾ, ಅಲ್ಲಿಂದ ಹುಡುಕಿ ತಂದು ಒತ್ತೋಕೆ?"

"ನಿಮ್ಮ ಪಾಸ್‌ವರ್ಡ್ ಯಾರಿಗೆ ಗೊತ್ತು?"

"ಯಾರಿಗೆ ಗೊತ್ತಿಲ್ಲ ಕೇಳಿ. ನಾನು ಊಟಕ್ಕೆ ಎದ್ದರೆ ಯಾರಾದ್ರೂ ಕೂರಬೇಕಲ್ಲ."

"ಬೆಳಿಗ್ಗೆ ಬಂದಾಗ ಏನು ಕಂಡಿತು?"

"ಪರದೆ ಮೇಲೆ ಬೀಗದ ಚಿತ್ರ. ಮತ್ತೆ ಮೌಸ್ ಉಲ್ಟಾ ಆಗಿತ್ತು."

"ಉಲ್ಟಾ ಅಂದ್ರೆ?"

"ಎಡಗಡೆ ಗುಂಡಿ ಒತ್ತಿದ್ರೆ ಬಲಗಡೆದು ಕೆಲಸ ಮಾಡ್ತಿತ್ತು. ವೈರಸ್ ಮೌಸಿಗೂ ತಗುಲಿದೆ." ಆಮೇಲೆ ಅವಳ ದನಿ ಇಳಿಯಿತು. "ಮುಂದಿನ ತಿಂಗಳು ನಂಗೆ ಸ್ಕ್ಯಾನ್ ಟೆಕ್ನಿಷಿಯನ್ ತರಬೇತಿಗೆ ಸೀಟು ಸಿಕ್ಕಿದೆ ಮೇಡಂ. ಎರಡು ವರ್ಷ ದೊಡ್ಡ ಡಾಕ್ಟರೇ ಕೂರಿಸ್ಕೊಂಡು ಹೇಳಿಕೊಟ್ಟಿದ್ದು. ಹೆಸರಿನ ಮೇಲೆ ಕೇಸಿದ್ರೆ ಸೀಟಿಲ್ಲ."

ಕಂಪ್ಯೂಟರು, ಕೀಲಿಮಣೆ, ಮೌಸು ಎಲ್ಲ ಜಪ್ತಿಯಾದವು. "ಇಲಿಯೊಂದು, ಬಾಲ ಸಮೇತ" ಎಂದು ದಫೇದಾರ ಲಕೋಟೆಗೆ ಅರಗು ಹಾಕಿದ. ಕ್ಯಾಮೆರಾಗಳ ದೃಶ್ಯವೂ ಅದೇ ಯಂತ್ರದಲ್ಲಿದ್ದು ಅದಕ್ಕೂ ಬೀಗ ಬಿದ್ದಿತ್ತು. ಶನಿವಾರ ಸಂಜೆ ಕೇಂದ್ರ ಮುಚ್ಚಿದ ಮೇಲೆ ದಾಳಿ ನಡೆದಿತ್ತು. ಬಾಗಿಲು ಒಡೆದಿರಲಿಲ್ಲ. ಕೀಲಿಯಿದ್ದದ್ದು ಮ್ಯಾನೇಜರಿಗೆ, ದೊಡ್ಡ ಡಾಕ್ಟರಿಗೆ, ಮತ್ತು ಬೆಳಿಗ್ಗೆ ಬಾಗಿಲು ತೆರೆಯುವ ರಿಸೆಪ್ಷನಿಸ್ಟಿಗೆ.

ಮಂಗಳವಾರ ಕೋಷ್ಟಕಾಚಾರ್ಯ ತನ್ನ ಹಾಳೆ ಹರಡಿದ.

"ಈ ವೈರಸ್ ಹಳೇ ಗಿರಾಕಿ ಮೇಡಂ. ಬೇರೆ ಕಡೆಯೂ ಸಿಕ್ಕಿದೆ, ಇದರ ಜಾತಕ ಪೂರ್ತಿ ಇದೆ ನನ್ನ ಹತ್ರ. ಗಾಳದ ಮೇಲ್ ಕಳಿಸೋದು, 1566. ಕೂತವರ ಕೈಯಿಂದಲೇ ಅದನ್ನ ಓಡಿಸೋದು, 1204. ಕಾವಲು ತಂತ್ರಾಂಶ ನಿಲ್ಲಿಸೋದು, 1562. ಬ್ಯಾಕಪ್ ಅಳಿಸೋದು, 1490. ಕಡತಕ್ಕೆ ಬೀಗ, 1486. ಎಲ್ಲಾ ಖಾನೆ ತುಂಬಿದೆ. ಮೌಸ್ ಒಂದು ಉಳಿದಿದೆ."

"ಉಳೀಲಿ ಬಿಡಿ."

"ಹಾಗೆ ಬಿಡೋಕೆ ಬರಲ್ಲ. ಪ್ರತಿಯೊಂದು ನಡವಳಿಕೆ ಅಂತಿದೆ ಸುತ್ತೋಲೇಲಿ. ಪಂಚನಾಮೆಯಲ್ಲಿ ಮೌಸ್ ಉಲ್ಟಾ ಅಂತ ಬರೆಸಿದ್ದೀರಿ."

ಬುಧವಾರವೆಲ್ಲ ಅವನು ಮೌಸಿನ ಬೆನ್ನು ಬಿದ್ದ. ಮೇಲಿನ ಕಚೇರಿಗೆ ಮೇಲ್ ಬರೆದ. 'ಇತರೆ' ಖಾನೆಗೆ ಹಾಕಿ ಎಂದು ಉತ್ತರ ಬಂತು. ಕೋಷ್ಟಕದಲ್ಲಿ 'ಇತರೆ' ಎಂಬ ಖಾನೆಯೇ ಇಲ್ಲ ಎಂದು ಬರೆದ. ಹಾಗಾದರೆ ಸೂಕ್ತ ಖಾನೆಗೆ ಹಾಕಿ ಎಂದು ಉತ್ತರ ಬಂತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ. ಇನ್ಸ್‌ಪೆಕ್ಟರ್‌ಗೆ ತಲೆ ಚಿಟ್ಟು ಹಿಡಿದುಹೋಯಿತು. ಇತ್ತ ಮ್ಯಾನೇಜರ್ ಹೊತ್ತುಹೊತ್ತಿಗೆ ಫೋನ್ ಮಾಡಿ ಅರೆಸ್ಟ್ ಯಾವಾಗ ಎಂದು ಕೇಳುತ್ತಿದ್ದ. ಸಂಜೆಗೆ ಮೇಲಧಿಕಾರಿಯೇ ಫೋನ್ ಮಾಡಿದರು.

"1204 ಅಂತ ನಿಮ್ಮ ತಜ್ಞರೇ ಬರೆದಿದ್ದಾರಲ್ಲ. ಕೂತವರ ಕೈಯಿಂದ ಓಡಿಸಿದ್ದು. ಅಲ್ಲಿ ಕೂತವಳು ಯಾರು?"

"ಸರ್, ಅದು ಕೋಷ್ಟಕ. ಸಾಕ್ಷಿ ಅಲ್ಲ."

"ನಾಳೆ ಸಂಜೆಯೊಳಗೆ ಆ ಹುಡುಗಿಯನ್ನ ಕರೆತಂದು ಮುಗಿಸಿ."

ಇನ್ಸ್‌ಪೆಕ್ಟರ್ ಫೋನಿಟ್ಟರು. ಮ್ಯಾನೇಜರ್ ಮಾಡುತ್ತಿದ್ದದ್ದು ಗೊತ್ತೇ ಇತ್ತು: ಕೋತಿ ತಾನು ಮೊಸರು ತಿಂದು ಮೇಕೆಯ ಮೂತಿಗೆ ಒರೆಸುವುದು. ಅವನ ಸಾಲಿಗೆ ಈಗ ಇಲಾಖೆಯೂ ಸೇರಿತ್ತು, ಕೈಯಲ್ಲಿ ನಂಬರು ಹಿಡಿದುಕೊಂಡು. ಒಬ್ಬ ಹುಡುಗಿಯ ಬದುಕು ಒಂದು ಖಾನೆಯ ಮೇಲೆ ನಿಂತಿದೆ, ಆ ಖಾನೆ ತಪ್ಪೆಂದು ತಮ್ಮ ಒಳಮನಸ್ಸಿಗೆ ಅನ್ನಿಸುತ್ತಿದೆ, ಆದರೆ ಮನಸ್ಸಿನ ಮಾತಿಗೆ ನಂಬರಿಲ್ಲ. ಅವರಿಗೆ ಯಾರನ್ನಾದರೂ ಬೈಯಬೇಕೆನ್ನಿಸಿತು.

ಗುರುವಾರ ಬೆಳಿಗ್ಗೆ ಅದಕ್ಕೆ ನೆಪ ಸಿಕ್ಕಿತು. ಬಂಧನದ ಪತ್ರವನ್ನು ತಾವೇ ಟೈಪ್ ಮಾಡೋಣ, ಬೇರೆಯವರ ಕೈಗೆ ಆ ಪಾಪ ಅಂಟುವುದು ಬೇಡ ಎಂದು ರೈಟರ್ ಜಾಗದಲ್ಲಿ ಕೂತರು. ಫೈಲಿನ ಮೇಲೆ ಒತ್ತಿದರು. ಫೈಲು ತೆರೆಯಲಿಲ್ಲ, ಯಾವುದೋ ಪಟ್ಟಿ ಬಿಚ್ಚಿಕೊಂಡಿತು. ಮತ್ತೆ ಒತ್ತಿದರು. ಮತ್ತೆ ಅದೇ ಪಟ್ಟಿ.

"ಏನ್ರೀ ಇದು, ನಮ್ಮ ಮೌಸಿಗೂ ವೈರಸ್ ಬಂತಾ?"

ಮಹಿಳಾ ಕಾನ್‌ಸ್ಟೆಬಲ್ ಓಡಿಬಂದಳು. "ಇಲ್ಲ ಮೇಡಂ, ಸಾರಿ. ನಾನು ಎಡಚಿ. ಈ ವಾರ ಟೈಪ್ ಮಾಡ್ತಿದ್ನಲ್ಲ, ಮೌಸ್ ಎಡಗಡೆ ಇಟ್ಕೊಂಡು ಗುಂಡಿ ಬದಲಾಯಿಸ್ಕೊಂಡಿದ್ದೆ. ವಾಪಸ್ ಮಾಡೋದು ಮರೆತೆ. ಸೆಟ್ಟಿಂಗ್‌ನಲ್ಲಿ ಒಂದೇ ಒತ್ತು."

ಇನ್ಸ್‌ಪೆಕ್ಟರ್ ಅವಳ ಅಂಗೈ ಅಂಚಿನ ಶಾಯಿ ನೋಡಿದರು. ಎಡಗೈ. ನಾಲ್ಕು ದಿನದಿಂದ ಕಣ್ಣೆದುರೇ ಇತ್ತು, ನಾಲ್ಕು ದಿನವೂ ಬೈದಿದ್ದರು.

"ಆಚಾರ್ಯರೇ!" ಎಂದು ಕೂಗಿದರು. ಎದುರಿಗೇ ಆ ಹೆಸರು ಕರೆದದ್ದು ಇದೇ ಮೊದಲು, ಆದರೆ ಅವನು ಬೇಸರ ಮಾಡಿಕೊಳ್ಳದೆ ಬಂದ. "ಬೇರೆ ಕಡೆ ಸಿಕ್ಕ ಈ ವೈರಸ್ ಮೌಸ್ ತಿರುಗಿಸಿತ್ತಾ?"

"ಎಲ್ಲೂ ಇಲ್ಲ ಮೇಡಂ. ಅದೇ ನನ್ನ ಸಮಸ್ಯೆ."

"ಕಾವಲು ತಂತ್ರಾಂಶ ನಿಲ್ಲಿಸಿದ್ದು ವೈರಸ್ಸಾ?"

ಅವನು ಹಾಳೆ ತಿರುವಿದ. "ನಿಂತಿದ್ದು… ವೈರಸ್ ಓಡೋಕೆ ನಾಲ್ಕು ನಿಮಿಷ ಮುಂಚೆ."

"ಹುಟ್ಟೋಕೆ ಮುಂಚೆ ಮಗು ಎದ್ದು ಬಾಗಿಲು ತೆಗೀತಾ?"

ಕೋಷ್ಟಕಾಚಾರ್ಯ ಕನ್ನಡಕ ತೆಗೆದು ಒರೆಸಿದ. "ಜಾತಕದಲ್ಲಿ ಇತ್ತು ಅಂತ ಹಾಕಿಬಿಟ್ಟೆ ಮೇಡಂ. ಇದು ವೈರಸ್ಸಿನ ನಡವಳಿಕೆ ಅಲ್ಲ. ಯಾರೋ ಕೂತು, ಮೌಸ್ ತಮ್ಮ ಕೈಗೆ ಹೊಂದಿಸ್ಕೊಂಡು, ಕಾವಲು ನಿಲ್ಲಿಸಿ, ಸ್ಪ್ಯಾಮಿಂದ ಆ ಮೇಲ್ ಎತ್ತಿ ತಂದು ಓಡಿಸಿದ್ದಾರೆ. ಮೋಸ ಹೋದವರು ಇಷ್ಟು ಕಷ್ಟಪಡಲ್ಲ." ಚಿಂತೆಯಿಂದ ಸೇರಿಸಿದ: "ಗೊತ್ತಿದ್ದೂ ಗಾಳ ನುಂಗಿದ ಮೀನಿಗೆ ಕೋಷ್ಟಕದಲ್ಲಿ ಖಾನೆ ಇಲ್ಲ."

ದಫೇದಾರ ನಕ್ಕ. "ಬೆಟ್ಟ ಅಗೆದು ಇಲಿ ಹಿಡಿದ್ರು ಅಂತಾರೆ. ನಾವು ನಿಜವಾಗ್ಲೂ ಹಿಡಿದ್ವಿ ಮೇಡಂ."

"ಹಿಡಿದಿರೋದು ಬಾಲ. ಗಾಡಿ ತೆಗೀರಿ."

ಕೇಂದ್ರದಲ್ಲಿ ಕೀಲಿಯಿದ್ದ ಮೂವರನ್ನೂ ಕೂರಿಸಿ, ಪಂಚನಾಮೆಯ ಪ್ರತಿ ಮುಟ್ಟಿದ್ದಕ್ಕೆ ಸಹಿ ಬೇಕೆಂದರು. ಮ್ಯಾನೇಜರ್ ಸಹಿ ಹಾಕಿದ, ಬಲಗೈ. ರಿಸೆಪ್ಷನಿಸ್ಟ್ ಹಾಕಿದಳು, ಬಲಗೈ. ದೊಡ್ಡ ಡಾಕ್ಟರ್ ಪೆನ್ನು ಎತ್ತಿಕೊಂಡಾಗ ಇನ್ಸ್‌ಪೆಕ್ಟರ್ ಯಾರಿಗೂ ಅಲ್ಲವೆಂಬಂತೆ ಹೇಳಿದರು:

"ಮೌಸ್ ವಿಷಯ ಗೊತ್ತಾಯ್ತು. ಅದು ವೈರಸ್ ಅಲ್ಲವಂತೆ. ಯಾರೋ ಎಡಚರು ತಿರುಗಿಸ್ಕೊಂಡಿದ್ದಾರೆ."

ಪೆನ್ನು ಡಾಕ್ಟರ ಎಡಗೈಯಲ್ಲಿತ್ತು. ಅದು ಅಲ್ಲಿಂದ ಬಲಗೈಗೆ ಹೋಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಬಲಗೈಯಲ್ಲಿ ಅವರು ಹಾಕಿದ ಸಹಿ ಆಗತಾನೆ ಅಕ್ಷರ ಕಲಿತ ಮಗುವಿನದರಂತೆ ಇತ್ತು. ರಿಸೆಪ್ಷನಿಸ್ಟ್ ಆ ಸಹಿಯನ್ನು ನೋಡಿದಳು, ಆಮೇಲೆ ಅವರ ಮುಖ ನೋಡಿದಳು. ಅವಳಿಗೆ ಅರ್ಥವಾಯಿತು. ಅವಳು ತಲೆ ತಗ್ಗಿಸಿದಳು, ತಪ್ಪು ತನ್ನದೇ ಎಂಬಂತೆ.

ಸ್ಕ್ಯಾನ್ ಓದುವ ಕೋಣೆ ಮಬ್ಬಾಗಿತ್ತು. ಅಲ್ಲಿಯ ಮೌಸು ಕೀಲಿಮಣೆಯ ಎಡಕ್ಕಿತ್ತು, ಲೋಟ ಬಲಕ್ಕೆ. ಕೋಷ್ಟಕಾಚಾರ್ಯ ಅಲ್ಲಿಯ ಯಂತ್ರದ ದಾಖಲೆ ತೆಗೆದು ಇನ್ಸ್‌ಪೆಕ್ಟರ್ ಕೈಗೆ ಕೊಟ್ಟು, ಎಂದೂ ಇಲ್ಲದಂತೆ ಏನೂ ವಿವರಿಸದೆ ಹೊರಗೆ ಹೋದ.

"ಶನಿವಾರ ಸಂಜೆ ಇಲ್ಲಿ ನಿಮ್ಮ ಹೆಸರಲ್ಲಿ ಒಂದೇ ಒಂದು ಸ್ಕ್ಯಾನ್ ತೆರೆದಿದೆ, ಡಾಕ್ಟ್ರೇ. ಮುಕ್ಕಾಲು ಗಂಟೆ ತೆರೆದೇ ಇದೆ. ನಿಮ್ಮ ಅಣ್ಣನದು."

ಡಾಕ್ಟರ್ ಲೋಟವನ್ನು ಪಕ್ಕಕ್ಕೆ ಸರಿಸಿದರು.

"ಇವತ್ತು ಸಂಜೆ ಆ ಹುಡುಗಿಯನ್ನ ಅರೆಸ್ಟ್ ಮಾಡಬೇಕು ಅಂತ ನಂಗೆ ಆದೇಶ ಇದೆ. ಪತ್ರ ಟೈಪ್ ಮಾಡೋಕೆ ಕೂತು, ಎದ್ದು ಬಂದಿದ್ದೀನಿ. ಮುಗಿಸ್ಲಾ?"

"ಬೇಡ. ಅವಳ ಮೇಲೆ ಬರುತ್ತೆ ಅಂತ ಹೊಳೀಲಿಲ್ಲ. ಈ ಕೋಣೆಗೆ ಇಂಟರ್ನೆಟ್ ಇಲ್ಲ, ಅದಕ್ಕೆ ಅಲ್ಲಿ ಹೋಗಿ ಕೂತೆ. ಎಲ್ಲೋ ದೂರದ ಕಳ್ಳನ ತಲೆಗೆ ಹೋಗುತ್ತೆ ಅಂದ್ಕೊಂಡೆ."

"ಸೋಮವಾರದಿಂದ ಅವಳ ಮೇಲೇ ಬಂದಿದೆ. ಪ್ರತಿದಿನ ನೋಡ್ತಾ ಇದ್ರಿ."

"ಹೌದು."

"ಯಾಕೆ ಮಾಡಿದ್ರಿ?"

"ಮೂರು ವರ್ಷದ ಹಿಂದೆ ಅಣ್ಣನಿಗೆ ಕೆಮ್ಮು. ನಾನೇ ಸ್ಕ್ಯಾನ್ ಮಾಡಿ, ನಾನೇ ಓದಿ, ಏನಿಲ್ಲ ಅಂದೆ. ಅವನು ನೆಮ್ಮದಿಯಾಗಿ ಮನೆಗೆ ಹೋದ. ಈಗ ಬೇರೆ ಆಸ್ಪತ್ರೇಲಿ ಮಲಗಿದಾನೆ, ಇನ್ನು ಕೆಲವು ವಾರ. ಶುಕ್ರವಾರ ಅತ್ತಿಗೆ ಹಳೇ ಸ್ಕ್ಯಾನ್ ಕೇಳ್ಕೊಂಡು ಬಂದ್ರು. ಶನಿವಾರ ತೆಗೆದು ನೋಡಿದೆ. ಇತ್ತು ಮೇಡಂ. ಪಕ್ಕೆಲುಬಿನ ಹಿಂದೆ ಗಡ್ಡೆ, ಇಷ್ಟೇ ಇಷ್ಟು. ಈಗ ನೋಡಿದ್ರೆ ಯಾರಿಗಾದ್ರೂ ಕಾಣುತ್ತೆ."

"ಒಂದನ್ನೇ ಅಳಿಸಬಹುದಿತ್ತಲ್ಲ?"

"ಒಂದೇ ಹೋದ್ರೆ ಯಾಕೆ ಅಂತ ಕೇಳ್ತಾರೆ. ಎಲ್ಲಾ ಹೋದ್ರೆ ಕೇಳಲ್ಲ."

ಇನ್ಸ್‌ಪೆಕ್ಟರ್‌ಗೆ ವಾರದ ಸಿಟ್ಟೆಲ್ಲ ಒಟ್ಟಿಗೆ ನೆತ್ತಿಗೇರಿತು. "ಎಲ್ಲಾ ಅಂದ್ರೆ ಯಾರದು ಡಾಕ್ಟ್ರೇ? ಹೊರಗೆ ಹಾಲಲ್ಲಿ ನಿಂತಿದ್ದಾರಲ್ಲ, ಅವರದು. ಅವರಿಗೂ ಅಣ್ಣ ತಮ್ಮ ಇಲ್ವಾ? ಅವರ ಹಳೇ ಸ್ಕ್ಯಾನಲ್ಲಿ ಏನೋ ಇತ್ತು, ಅದನ್ನ ಈಗ ನೋಡೋರು ಯಾರು?"

ಡಾಕ್ಟರ್ ಎರಡೂ ಕೈಗಳನ್ನು ಮೇಜಿನ ಮೇಲಿಟ್ಟುಕೊಂಡು ಎಡಗೈಯನ್ನೇ ನೋಡುತ್ತಿದ್ದರು.

"ಶಾಲೇಲಿ ಎಡಗೈಲಿ ಬರೆದ್ರೆ ಹೊಡೀತಿದ್ರು. ಮನೇಲಿ ಅಪ್ಪ ಈ ಕೈನ ಕುರ್ಚಿಗೆ ಕಟ್ಟಿಹಾಕ್ತಿದ್ರು. ಅಣ್ಣ ನನಗಿಂತ ಹದಿನಾಲ್ಕು ವರ್ಷ ದೊಡ್ಡವನು. ಒಂದಿನ ಹಗ್ಗ ಬಿಚ್ಚಿ ಎಸೆದ. ಅವನ ಕೈ ಚೆನ್ನಾಗೇ ಇದೆ, ನಿಮ್ಮ ಕಣ್ಣೇ ಸರಿಯಿಲ್ಲ ಅಂದ ಅಪ್ಪನಿಗೆ. ಆಮೇಲೆ ಯಾರೂ ಕಟ್ಟಲಿಲ್ಲ. ನನ್ನನ್ನ ಓದಿಸಿದವನೂ ಅವನೇ. ಹೋಗೋವಾಗ ಅವನಿಗೆ ಇದು ಗೊತ್ತಾಗಬಾರದಿತ್ತು, ಅಷ್ಟೇ."

ಮಧ್ಯಾಹ್ನ ಎರಡಕ್ಕೆ ಬಂಧನವಾಯಿತು. ರಿಸೆಪ್ಷನಿಸ್ಟಿನ ಹೆಸರು ಯಾವ ಕಾಗದದಲ್ಲೂ ಆರೋಪಿಯೆಂದು ಬರಲಿಲ್ಲ. ನೀನಿನ್ನು ಹೋಗಬಹುದು, ಸೀಟಿಗೇನೂ ತೊಂದರೆಯಿಲ್ಲ ಎಂದಾಗ ಅವಳು ಮೊದಲ ಸಲ ಅತ್ತಳು.

ಮನೆಯವರಿಗೆ ತಿಳಿಸುವುದು ನಿಯಮ. ಇನ್ಸ್‌ಪೆಕ್ಟರ್ ತಾವೇ ಆಸ್ಪತ್ರೆಗೆ ಹೋದರು. ಅತ್ತಿಗೆ ವಾರ್ಡಿನ ಹೊರಗಿನ ಬೆಂಚಿನ ಮೇಲಿದ್ದರು. ಎಲ್ಲ ಕೇಳಿಸಿಕೊಂಡು ಕೈಚೀಲವನ್ನು ಎದೆಗೆ ಒತ್ತಿಕೊಂಡರು.

"ಅಯ್ಯೋ, ಹುಚ್ಚಪ್ಪ. ನಮ್ಮ ಯಜಮಾನರಿಗೆ ಗೊತ್ತಿತ್ತಮ್ಮ. ಎರಡು ತಿಂಗಳ ಹಿಂದೇನೇ ಇಲ್ಲಿಯ ಡಾಕ್ಟ್ರು ಹೇಳಿದ್ರು, ಹಳೇ ಸ್ಕ್ಯಾನಲ್ಲೇ ಇದು ಇದ್ದಿರಬೇಕು ಅಂತ. ಅವತ್ತಿಂದ ಇವರದು ಒಂದೇ ಹಠ. ಹೋಗಿ ಆ ಸ್ಕ್ಯಾನ್ ಇಸ್ಕೊಂಡು ಬಾ, ನಕಲಲ್ಲ, ಅಸಲೇ ತಾ, ಹರಿದುಹಾಕೋಣ. ನಾನು ಸತ್ತ ಮೇಲೆ ತಮ್ಮ ಅದನ್ನ ತೆಗೆದು ನೋಡಿದ್ರೆ ಬದುಕಲ್ಲ ಅಂತ."

ಇನ್ಸ್‌ಪೆಕ್ಟರ್‌ಗೆ ಕಂಪ್ಯೂಟರಿನಲ್ಲಿ ಅಸಲು ನಕಲು ಎಂದು ಇರುವುದಿಲ್ಲ ಎಂಬ ಮಾತು ಬಾಯಿಗೆ ಬಂತು, ಅದನ್ನು ನುಂಗಿಕೊಂಡು ಎದ್ದರು.

ಠಾಣೆಗೆ ಮರಳಿದಾಗ ಡಾಕ್ಟರ್ ಬೆಂಚಿನ ಮೇಲೆ ಕೂತಿದ್ದರು. ಇವರ ಮುಖ ಕಂಡ ಕೂಡಲೇ ಎದ್ದು ನಿಂತರು.

"ಅಣ್ಣನಿಗೆ ಗೊತ್ತಾಯ್ತಾ?"

"ಗೊತ್ತಿತ್ತು," ಎಂದರು ಇನ್ಸ್‌ಪೆಕ್ಟರ್. "ಎರಡು ತಿಂಗಳಿಂದ. ನಿಮಗೆ ಗೊತ್ತಾಗಬಾರದು ಅಂತಾನೇ ಅಸಲು ತರೋಕೆ ಕಳಿಸಿದ್ರು."

ಡಾಕ್ಟರ್ ಮತ್ತೆ ಬೆಂಚಿನ ಮೇಲೆ ಕೂತರು. ದಫೇದಾರ ನೀರು ತಂದಿಟ್ಟ. ಆಮೇಲೆ ಬಂಧನದ ಪತ್ರಕ್ಕೆ ಸಹಿ ಬೇಕಾಯಿತು. ಮಹಿಳಾ ಕಾನ್‌ಸ್ಟೆಬಲ್ ಪತ್ರವನ್ನು ಅವರ ಮುಂದಿಟ್ಟು, ಯಾರೂ ಹೇಳದೆಯೇ ಅದನ್ನು ಬಲಕ್ಕೆ ಸ್ವಲ್ಪ ವಾರೆಯಾಗಿ ತಿರುಗಿಸಿ, ಪೆನ್ನನ್ನು ಎಡಗೈ ಬದಿಗೆ ಇಟ್ಟಳು. ಡಾಕ್ಟರ್ ಅವಳನ್ನೊಮ್ಮೆ ನೋಡಿ, ಎಡಗೈಯಲ್ಲಿ ಸಹಿ ಹಾಕಿದರು.